ಒದೆಯುವ ಕಾಲು, ಊರುವ ಕಾಲು: ಎಳೆಯ ಫುಟ್‌ಬಾಲ್ ಆಟಗಾರರ ಕಾಲಿನ ಬಲವನ್ನು ಓದುವ ಬಗೆ

(ಫುಟ್‌ಬಾಲ್ ತರಬೇತುದಾರರು ಮತ್ತು ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಹದಿನಾಲ್ಕು ವರ್ಷದ ಆಟಗಾರನೊಬ್ಬನ ಕಾಲಿನ ಬಲವನ್ನು ಯಂತ್ರದ ಮೇಲೆ ಪರೀಕ್ಷಿಸಿದಾಗ ಕೈಗೆ ಬರುವ ವರದಿಯಲ್ಲಿ ಎಲ್ಲರ ಕಣ್ಣು ಹೋಗುವುದು ಎರಡು ಅಂಕಿಗಳ ಕಡೆಗೆ. ಒಂದು, ಬಲಗಾಲಿಗೂ ಎಡಗಾಲಿಗೂ ನಡುವಿನ ವ್ಯತ್ಯಾಸ. ಇನ್ನೊಂದು, ತೊಡೆಯ ಹಿಂಭಾಗದ ಸ್ನಾಯುಗಳ ಬಲವು ಮುಂಭಾಗದ ಸ್ನಾಯುಗಳ ಬಲದ ಎಷ್ಟರಷ್ಟಿದೆ ಎಂದು ಹೇಳುವ ಅನುಪಾತ. ಇವೆರಡರಲ್ಲಿ ಯಾವುದಾದರೂ ಒಂದು ಗೆರೆ ದಾಟಿದ್ದರೆ ವರದಿಯಲ್ಲಿ ‘ಅಸಮತೋಲನ’ ಎಂಬ ಷರಾ ಬೀಳುತ್ತದೆ. ಅದನ್ನು ಓದಿದ ಪೋಷಕರು ಮಗನ ಆಟವನ್ನು ನಿಲ್ಲಿಸಬೇಕೇ ಎಂದು ಕೇಳುತ್ತಾರೆ; ತರಬೇತುದಾರರು ಕಡಿಮೆ ಅಂಕಿ ಬಂದ ಕಾಲಿಗಷ್ಟೇ ವ್ಯಾಯಾಮ ಕೊಡಲು ಆರಂಭಿಸುತ್ತಾರೆ; ಹುಡುಗ ತನ್ನ ಕಾಲಿನಲ್ಲೇ ಏನೋ ಕೊರತೆಯಿದೆ ಎಂಬ ಅಳುಕಿನೊಂದಿಗೆ ಮೈದಾನಕ್ಕೆ ಇಳಿಯುತ್ತಾನೆ. ಬೆಳೆಯುತ್ತಿರುವ ಮೈಯಲ್ಲಿ ಇಂತಹ ವ್ಯತ್ಯಾಸ ಬಹಳ ಸಲ ಬೆಳವಣಿಗೆಯ ಒಂದು ಹಂತದ ಗುರುತಾಗಿರುತ್ತದೆ, ಕೆಲವು ಸಲ ಆಟವೇ ಮೂಡಿಸಿದ ಗುರುತಾಗಿರುತ್ತದೆ, ಇನ್ನು ಕೆಲವು ಸಲ ಪೂರ್ತಿ ವಾಸಿಯಾಗದ ಹಳೆಯ ಗಾಯದ ಗುರುತಾಗಿರುತ್ತದೆ. ಈ ಮೂರರಲ್ಲಿ ಯಾವುದೆಂದು ತಿಳಿಯದೆ ಅಂಕಿಯನ್ನು ಮಾತ್ರ ಹಿಡಿದು ನಿರ್ಧಾರ ಕೈಗೊಳ್ಳುವುದು ಮಕ್ಕಳಿಗೆ ನ್ಯಾಯ ಮಾಡಿದಂತಾಗುವುದಿಲ್ಲ. ಅನುಪಾತದ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು ‘ಈ ಮಗುವಿನ ಕಾಲುಗಳಿಗೆ ಆಟವು ಬೇಡುವಷ್ಟು ಬಲ ಇದೆಯೇ?’ ಎಂಬ ಪ್ರಶ್ನೆ ಎಂಬುದನ್ನು ನಿಮಗೆ ಮನವರಿಕೆ ಮಾಡಿಕೊಡುವುದೇ ಈ ಉಪನ್ಯಾಸದ ಉದ್ದೇಶ.

ಆಟವು ಕಾಲಿನಿಂದ ಏನನ್ನು ಬೇಡುತ್ತದೆ ಎಂಬುದರಿಂದ ಆರಂಭಿಸೋಣ. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ನಾಲ್ಕು ಸ್ನಾಯುಗಳ ಗುಂಪು. ಮಂಡಿಯನ್ನು ನೇರಗೊಳಿಸುವುದು ಅದರ ಮುಖ್ಯ ಕೆಲಸ. ಅವುಗಳಲ್ಲಿ ರೆಕ್ಟಸ್ ಫಿಮೊರಿಸ್ ಎಂಬ ಒಂದು ಸ್ನಾಯು ಮಾತ್ರ ಸೊಂಟದ ಕೀಲನ್ನೂ ದಾಟಿ ಹೋಗುವುದರಿಂದ ತೊಡೆಯನ್ನು ಮುಂದಕ್ಕೆ ಎತ್ತುವ ಕೆಲಸವನ್ನೂ ಮಾಡುತ್ತದೆ. ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಮೂರು ಸ್ನಾಯುಗಳ ಗುಂಪು. ಅದು ಮಂಡಿಯನ್ನು ಮಡಿಸುತ್ತದೆ, ತೊಡೆಯನ್ನು ಹಿಂದಕ್ಕೆ ಎಳೆಯುತ್ತದೆ, ಜೊತೆಗೆ ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ಮಂಡಿಯೊಳಗಿನ ಅಸ್ಥಿರಜ್ಜಿಗೆ (ಮೂಳೆಯನ್ನು ಮೂಳೆಗೆ ಬಿಗಿಯುವ ಪಟ್ಟಿಗೆ) ನೆರವಾಗುತ್ತದೆ. ಒಳತೊಡೆಯ ಸ್ನಾಯುಗಳು, ಪೃಷ್ಠದ ಸ್ನಾಯುಗಳು ಮತ್ತು ಮೀನಖಂಡ ಇವುಗಳಷ್ಟೇ ಮುಖ್ಯವಾದರೂ ಪರೀಕ್ಷಾ ವರದಿಗಳಲ್ಲಿ ಅವುಗಳಿಗೆ ಸಿಗುವ ಜಾಗ ಕಡಿಮೆ.

ಚೆಂಡನ್ನು ಬಲವಾಗಿ ಒದೆಯುವಾಗ ನಡೆಯುವುದನ್ನು ಗಮನಿಸಿ. ಒದೆಯದ ಕಾಲು ಚೆಂಡಿನ ಪಕ್ಕದಲ್ಲಿ ಗಟ್ಟಿಯಾಗಿ ಊರುತ್ತದೆ. ಓಡಿ ಬಂದ ವೇಗವನ್ನೆಲ್ಲ ಆ ಒಂದು ಕಾಲೇ ತಡೆದು ಹಿಡಿಯಬೇಕು, ಮಂಡಿ ಸ್ವಲ್ಪ ಮಡಿಚಿದ ಸ್ಥಿತಿಯಲ್ಲಿ ಮೈಯ ಭಾರವನ್ನು ಮೀರಿದ ಒತ್ತಡವನ್ನು ತಾಳಬೇಕು, ಸೊಂಟ ಪಕ್ಕಕ್ಕೆ ಕುಸಿಯದಂತೆ ನೋಡಿಕೊಳ್ಳಬೇಕು. ಒದೆಯುವ ಕಾಲು ಹಿಂದಕ್ಕೆ ಹೋಗಿ, ತೊಡೆ ಮೊದಲು ಮುಂದಕ್ಕೆ ಚಲಿಸಿ, ಅದರ ಬೆನ್ನಿಗೇ ಕೆಳಗಾಲು ಅತಿ ವೇಗದಲ್ಲಿ ಬಿಚ್ಚಿಕೊಳ್ಳುತ್ತದೆ. ಚೆಂಡಿಗೆ ತಾಗಿದ ಮರುಕ್ಷಣವೇ ಆ ವೇಗವನ್ನು ಇಳಿಸುವ ಹೊಣೆ ಹಿಂಭಾಗದ ಸ್ನಾಯುಗಳ ಮೇಲೆ ಬೀಳುತ್ತದೆ. ಅಂದರೆ ಒಂದೇ ಒದೆತದಲ್ಲಿ ಎರಡು ಕಾಲುಗಳು ಎರಡು ಬೇರೆ ಬಗೆಯ ಕೆಲಸ ಮಾಡುತ್ತವೆ. ವರ್ಷಗಟ್ಟಲೆ ಒಂದೇ ಕಾಲಿನಿಂದ ಒದೆಯುತ್ತ ಬಂದ ಮಗುವಿನ ಎರಡು ಕಾಲುಗಳು ಎಲ್ಲ ವಿಧದಲ್ಲೂ ಒಂದೇ ಆಗಿರಬೇಕೆಂದು ನಿರೀಕ್ಷಿಸುವುದಕ್ಕೆ ಹಾಗಾಗಿ ಆಧಾರ ಕಡಿಮೆ.

ಓಟದಲ್ಲಿ ಬೇಡಿಕೆ ಇನ್ನೂ ಕಠಿಣ. ಪೂರ್ಣ ವೇಗದ ಓಟದಲ್ಲಿ ಗಾಳಿಯಲ್ಲಿರುವ ಕಾಲು ಮುಂದಕ್ಕೆ ಚಾಚಿ ನೆಲಕ್ಕೆ ತಾಗುವ ಮುನ್ನಿನ ಗಳಿಗೆಯಲ್ಲಿ ಹ್ಯಾಮ್‌ಸ್ಟ್ರಿಂಗ್ ಒಂದು ಕಡೆ ಉದ್ದವಾಗುತ್ತಿರುತ್ತದೆ, ಇನ್ನೊಂದು ಕಡೆ ತನ್ನ ಗರಿಷ್ಠ ಬಲಕ್ಕೆ ಸಮೀಪದ ಬಲವನ್ನು ಹಾಕುತ್ತಿರುತ್ತದೆ. ಉದ್ದವಾಗುತ್ತಲೇ ಬಲ ಹಾಕುವ ಈ ಕ್ರಿಯೆಯನ್ನು ಎಕ್ಸೆಂಟ್ರಿಕ್ ಎಂದೂ, ಕುಗ್ಗುತ್ತ ಬಲ ಹಾಕುವುದನ್ನು ಕಾನ್ಸೆಂಟ್ರಿಕ್ ಎಂದೂ ಕರೆಯುತ್ತಾರೆ. ಓಟದಲ್ಲಿ ಆಗುವ ಹ್ಯಾಮ್‌ಸ್ಟ್ರಿಂಗ್ ಗಾಯಗಳಲ್ಲಿ ಹೆಚ್ಚಿನವು ಬೈಸೆಪ್ಸ್ ಫಿಮೊರಿಸ್ ಎಂಬ ಹೊರಬದಿಯ ಸ್ನಾಯುವಿನ ‘ಉದ್ದ ತಲೆ’ಯಲ್ಲಿ, ಅಂದರೆ ಅದರ ಎರಡು ಭಾಗಗಳ ಪೈಕಿ ಉದ್ದನೆಯದರಲ್ಲಿ, ಆಗುವುದಕ್ಕೂ ಈ ಗಳಿಗೆಗೂ ನೇರ ಸಂಬಂಧವಿದೆ ಎಂದು ಬಹುಪಾಲು ಸಂಶೋಧಕರು ಭಾವಿಸುತ್ತಾರೆ. ಯುರೋಪಿನ ಪುರುಷರ ವೃತ್ತಿಪರ ಕ್ಲಬ್‌ಗಳ ಗಾಯಗಳನ್ನು 2001ರಿಂದ ದಾಖಲಿಸುತ್ತ ಬಂದಿರುವ ಯೂಯೆಫಾ (ಯುರೋಪಿನ ಫುಟ್‌ಬಾಲ್ ಒಕ್ಕೂಟ) ಅಧ್ಯಯನದಲ್ಲಿ ಮೊದಲ ಋತುವಿನಲ್ಲಿ ಒಟ್ಟು ಗಾಯಗಳ ಪೈಕಿ ಹ್ಯಾಮ್‌ಸ್ಟ್ರಿಂಗ್ ಗಾಯಗಳ ಪಾಲು ಶೇ. 12ರಷ್ಟಿದ್ದರೆ, 2021–22ರ ಹೊತ್ತಿಗೆ ಅದು ಶೇ. 24ಕ್ಕೆ ಏರಿತ್ತು. ಇಂದಿನ ಎಳೆಯರು ಮುಂದೆ ಕಾಲಿಡಲಿರುವ ಆಟ ಇಷ್ಟು ವೇಗದ್ದು.

ಇನ್ನು ಅಳತೆಯ ವಿಷಯ. ಪ್ರಯೋಗಾಲಯಗಳಲ್ಲಿ ಬಳಸುವ ಐಸೋಕೈನೆಟಿಕ್ ಡೈನಮೋಮೀಟರ್ 1960ರ ದಶಕದ ಕೊನೆಯ ಭಾಗದಿಂದ ಬಳಕೆಗೆ ಬಂದ ಸಾಧನ. ಆಟಗಾರ ಎಷ್ಟೇ ಬಲವಾಗಿ ತಳ್ಳಿದರೂ ಅದರ ಸಲಾಕೆ ಗೊತ್ತುಪಡಿಸಿದ ವೇಗದಲ್ಲಿಯೇ, ಉದಾಹರಣೆಗೆ ಸೆಕೆಂಡಿಗೆ 60 ಡಿಗ್ರಿ ಅಥವಾ 180 ಡಿಗ್ರಿ ವೇಗದಲ್ಲಿ, ತಿರುಗುತ್ತದೆ. ಆ ಚಲನೆಯುದ್ದಕ್ಕೂ ಕೀಲಿನ ಸುತ್ತ ಹುಟ್ಟಿದ ತಿರುಗುಬಲವನ್ನು ಯಂತ್ರವು ನ್ಯೂಟನ್-ಮೀಟರ್‌ಗಳಲ್ಲಿ ದಾಖಲಿಸುತ್ತದೆ. ಹಿಂಭಾಗದ ಸ್ನಾಯುಗಳ ಗರಿಷ್ಠ ತಿರುಗುಬಲವನ್ನು ಮುಂಭಾಗದ್ದರಿಂದ ಭಾಗಿಸಿದರೆ ಬರುವ ಸಾಂಪ್ರದಾಯಿಕ ಅನುಪಾತ ಸೆಕೆಂಡಿಗೆ 60 ಡಿಗ್ರಿ ವೇಗದಲ್ಲಿ 0.6ರ ಆಸುಪಾಸಿನಲ್ಲಿರಬೇಕು ಎಂಬುದು ಬಹಳ ಕಾಲದಿಂದ ಚಾಲ್ತಿಯಲ್ಲಿರುವ ಮಾನದಂಡ. ವೇಗ ಹೆಚ್ಚಿದಂತೆ ಈ ಅನುಪಾತವೂ ಏರುತ್ತದೆ. ಆದ್ದರಿಂದ ಯಾವ ವೇಗದಲ್ಲಿ ಅಳೆದದ್ದು, ಕಾಲಿನ ತೂಕಕ್ಕೆ ಗುರುತ್ವದ ತಿದ್ದುಪಡಿ ಮಾಡಲಾಗಿದೆಯೇ ಎಂಬುದನ್ನು ತಿಳಿಸದ ಅನುಪಾತದಿಂದ ಯಾವ ತೀರ್ಮಾನಕ್ಕೂ ಬರಲಾಗದು. ಎರಡೂ ಸ್ನಾಯುಗಳು ಒಮ್ಮೆಗೇ ಕುಗ್ಗುತ್ತ ಕೆಲಸ ಮಾಡುವ ಸಂದರ್ಭ ಆಟದಲ್ಲಿ ಇಲ್ಲವೆಂಬ ಆಕ್ಷೇಪದಿಂದ 1990ರ ದಶಕದಲ್ಲಿ ಇನ್ನೊಂದು ಅನುಪಾತ ಬಳಕೆಗೆ ಬಂತು. ಅದರಲ್ಲಿ ಹ್ಯಾಮ್‌ಸ್ಟ್ರಿಂಗ್‌ನ ಎಕ್ಸೆಂಟ್ರಿಕ್ ಬಲವನ್ನು ಕ್ವಾಡ್ರಿಸೆಪ್ಸ್‌ನ ಕಾನ್ಸೆಂಟ್ರಿಕ್ ಬಲದೊಂದಿಗೆ ಹೋಲಿಸುತ್ತಾರೆ. ಕೆಳಗಾಲನ್ನು ಮುಂದಕ್ಕೆ ಎಸೆಯುವ ಬಲವನ್ನು ತಡೆಯುವ ಬಲ ಸರಿಗಟ್ಟುತ್ತದೆಯೇ ಎಂದು ಕೇಳುವ ಈ ಎರಡನೆಯ ಅಳತೆ ನನ್ನ ದೃಷ್ಟಿಯಲ್ಲಿ ಆಟಕ್ಕೆ ಹೆಚ್ಚು ಹತ್ತಿರವಾದದ್ದು.

ಆದರೆ ಅನುಪಾತ ಯಾವುದೇ ಆಗಿರಲಿ, ಅದು ಮರೆಮಾಚುವ ಸಂಗತಿಯೊಂದಿದೆ. ಲೆಕ್ಕಕ್ಕಾಗಿ 60 ಕಿಲೋ ತೂಕದ ಮೂವರು ಆಟಗಾರರನ್ನು ಊಹಿಸಿಕೊಳ್ಳಿ. ಮೊದಲನೆಯವನ ಮುಂತೊಡೆಯ ತಿರುಗುಬಲ 180 ನ್ಯೂಟನ್-ಮೀಟರ್, ಹಿಂತೊಡೆಯದು 108, ಅನುಪಾತ 0.60. ಎರಡನೆಯವನದು 110 ಮತ್ತು 66. ಅನುಪಾತ ಅದೇ 0.60. ಮೂರನೆಯವನದು 200 ಮತ್ತು 108, ಅನುಪಾತ 0.54. ಅನುಪಾತವನ್ನಷ್ಟೇ ನೋಡುವವರು ಮೊದಲಿಬ್ಬರನ್ನು ಸರಿಯೆಂದು ಬಿಟ್ಟು ಮೂರನೆಯವನ ಹೆಸರಿನ ಮುಂದೆ ಗುರುತು ಹಾಕುತ್ತಾರೆ. ವಾಸ್ತವದಲ್ಲಿ ಮೂರನೆಯವನ ಹಿಂತೊಡೆ ಮೊದಲನೆಯವನದಷ್ಟೇ ಬಲವಾಗಿದೆ, ಮುಂತೊಡೆ ಅವನಿಗಿಂತ ಬಲವಾಗಿದೆ. ನಿಜವಾಗಿ ಚಿಂತಿಸಬೇಕಾದದ್ದು ಎರಡನೆಯವನ ಬಗ್ಗೆ: ಅವನ ಎರಡೂ ಸ್ನಾಯುಗುಂಪುಗಳು ದುರ್ಬಲವಾಗಿದ್ದು, ಎರಡೂ ಒಂದೇ ಪ್ರಮಾಣದಲ್ಲಿ ದುರ್ಬಲವಾಗಿರುವ ಕಾರಣದಿಂದಲೇ ಅವನ ವರದಿ ನಿರ್ದೋಷವಾಗಿ ಕಾಣುತ್ತಿದೆ. ಆದ್ದರಿಂದ ಮೊದಲು ಪ್ರತಿ ಸ್ನಾಯುಗುಂಪಿನ ಬಲವನ್ನು ಮೈತೂಕದಿಂದ ಭಾಗಿಸಿ ನೋಡಬೇಕು. ಮೊದಲನೆಯವನ ಮುಂತೊಡೆಯ ಬಲ ಕಿಲೋಗೆ 3 ನ್ಯೂಟನ್-ಮೀಟರ್ ಆದರೆ ಎರಡನೆಯವನದು 1.8ರಷ್ಟೇ. ಈ ಅಂತರದ ಮುಂದೆ ಅನುಪಾತದ 0.06ರ ಅಂತರ ಬಹಳ ಚಿಕ್ಕದು.

ಇಂತಹ ಯಂತ್ರ ಎಲ್ಲರ ಕೈಗೆ ಎಟುಕುವಂಥದ್ದಲ್ಲ, ಎಟುಕಲೇಬೇಕೆಂದೂ ಇಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಬಲಮಾಪಕದಿಂದ ತೊಡೆಸಂದಿನ ಬಲವನ್ನು ಅಳೆಯಬಹುದು. ಒಂಟಿಕಾಲಿನಲ್ಲಿ ಜಿಗಿದು ಎಷ್ಟು ದೂರ ಹೋಗಿ ಸ್ಥಿರವಾಗಿ ನಿಲ್ಲುತ್ತಾರೆ ಎಂಬುದನ್ನು ಟೇಪಿನಿಂದ ಅಳೆಯಬಹುದು. ಒಂಟಿಕಾಲಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳಬಲ್ಲರು, ಒಂಟಿಕಾಲಿನ ಹಿಮ್ಮಡಿಯನ್ನು ಎಷ್ಟು ಸಲ ಪೂರ್ತಿ ಎತ್ತಬಲ್ಲರು ಎಂದು ಎಣಿಸಬಹುದು. ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೊದಲ ಸಲದ ಪರೀಕ್ಷೆಯಲ್ಲಿ ಅವರು ಚಲನೆಯನ್ನು ಕಲಿಯುತ್ತಿರುತ್ತಾರೆ, ಎರಡನೆಯ ಸಲಕ್ಕೆ ಅಂಕಿ ತಾನಾಗಿಯೇ ಏರುತ್ತದೆ. ಅದನ್ನು ತರಬೇತಿಯ ಫಲವೆಂದು ಎಣಿಸಬಾರದು.

ಈಗ ಬೆಳವಣಿಗೆಯ ಮಾತಿಗೆ ಬರುತ್ತೇನೆ. ಈ ವಿಷಯದ ತಿರುಳು ಇಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ.

ಹುಡುಗಿಯರಲ್ಲಿ ಸರಾಸರಿ 12ನೇ ವಯಸ್ಸಿನ ಸುತ್ತ, ಹುಡುಗರಲ್ಲಿ 14ನೇ ವಯಸ್ಸಿನ ಸುತ್ತ ಎತ್ತರ ಅತ್ಯಂತ ವೇಗವಾಗಿ ಹೆಚ್ಚುವ ಅವಧಿ ಬರುತ್ತದೆ. ಆಗ ವರ್ಷಕ್ಕೆ 8ರಿಂದ 10 ಸೆಂಟಿಮೀಟರಿನಷ್ಟು ಬೆಳೆಯುವುದುಂಟು. ಈ ಬೆಳವಣಿಗೆ ಮೈಯಲ್ಲೆಲ್ಲ ಒಂದೇ ಸಮಯಕ್ಕೆ ಆಗುವುದಿಲ್ಲ. ಪಾದಗಳು ಮೊದಲು, ಅನಂತರ ಕಾಲುಗಳು, ಕೊನೆಗೆ ಮುಂಡ ಬೆಳೆಯುತ್ತವೆ. ಮೂಳೆ ಉದ್ದವಾದ ಮೇಲೆಯೇ ಸ್ನಾಯುವಿನ ಗಾತ್ರ ಮತ್ತು ಬಲ ಅದನ್ನು ಹಿಂಬಾಲಿಸುತ್ತವೆ. ಹುಡುಗರಲ್ಲಿ ಬಲವು ಅತಿ ವೇಗವಾಗಿ ಹೆಚ್ಚುವ ಕಾಲ ಎತ್ತರದ ಏರಿಕೆಯ ನಂತರ ಸುಮಾರು ಆರು ತಿಂಗಳಿಂದ ಒಂದು ವರ್ಷದೊಳಗೆ ಬರುತ್ತದೆ. ನಡುವಿನ ಈ ಅವಧಿಯಲ್ಲಿ ಉದ್ದವಾದ, ಭಾರವಾದ ಕಾಲನ್ನು ಹಳೆಯ ಬಲವೇ ನಡೆಸಬೇಕಾಗುತ್ತದೆ. ಸರಳ ಲೆಕ್ಕವೊಂದನ್ನು ಮಾಡಿ ನೋಡೋಣ. ಕೆಳಗಾಲು ಶೇ. 5ರಷ್ಟು ಉದ್ದವಾಗಿ, ಅದರ ತೂಕ ಶೇ. 10ರಷ್ಟು ಹೆಚ್ಚಿದರೆ, ಮಂಡಿಯ ಸುತ್ತ ಅದನ್ನು ತಿರುಗಿಸಲು ಅಥವಾ ತಿರುಗುತ್ತಿರುವುದನ್ನು ನಿಲ್ಲಿಸಲು ಬೇಕಾಗುವ ಪ್ರಯತ್ನ ಶೇ. 20ಕ್ಕೂ ಹೆಚ್ಚಾಗುತ್ತದೆ, ಏಕೆಂದರೆ ಉದ್ದದ ಪರಿಣಾಮ ವರ್ಗದ ಪ್ರಮಾಣದಲ್ಲಿ ಬರುತ್ತದೆ. ಮಗು ಸೋಮಾರಿಯಾಗಿಲ್ಲ, ಅಭ್ಯಾಸ ಬಿಟ್ಟಿಲ್ಲ. ಆದರೂ ಹಿಂದಿನ ಋತುವಿನಲ್ಲಿ ಲೀಲಾಜಾಲವಾಗಿ ಮಾಡುತ್ತಿದ್ದ ತಿರುವು ಈಗ ತಡವರಿಸುತ್ತದೆ. ಇಂತಹ ಹೊತ್ತಿನಲ್ಲಿ ಆ ಮಗುವನ್ನು ‘ಫಾರ್ಮ್ ಕಳೆದುಕೊಂಡವನು’ ಎಂದು ತಂಡದಿಂದ ಹೊರಗಿಡುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇದೇ ಅವಧಿಯಲ್ಲಿ ಸ್ನಾಯುರಜ್ಜುಗಳು ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ ಇನ್ನೂ ಗಟ್ಟಿಯಾಗದ ಮೃದ್ವಸ್ಥಿ ಇರುತ್ತದೆ. ವಯಸ್ಕರಲ್ಲಿ ಸ್ನಾಯು ಹರಿಯುವಂತಹ ಎಳೆತ ಬಿದ್ದಾಗ ಎಳೆಯರಲ್ಲಿ ಈ ಜಾಗವೇ ನೋಯುತ್ತದೆ, ಅಪರೂಪಕ್ಕೆ ಮೂಳೆಯ ಚೂರೇ ಕಿತ್ತು ಬರುತ್ತದೆ. ಹಿಮ್ಮಡಿಯಲ್ಲಿ ಬರುವ ನೋವು ಸೆವರ್ಸ್ ಎಂಬ ಹೆಸರಿನದು. ಮಂಡಿಚಿಪ್ಪಿನ ಕೆಳಗೆ ಕೆಳಗಾಲಿನ ಮೂಳೆಯ ಉಬ್ಬಿನಲ್ಲಿ ಬರುವುದು 1903ರಲ್ಲಿ ವಿವರಿಸಲಾದ ಆಸ್‌ಗುಡ್–ಶ್ಲಾಟರ್. ಒದೆಯುವಾಗ ರೆಕ್ಟಸ್ ಫಿಮೊರಿಸ್‌ನ ಎಳೆತದಿಂದ ಸೊಂಟದ ಮೂಳೆಯ ಮುಂಭಾಗದಲ್ಲಿಯೂ, ಹ್ಯಾಮ್‌ಸ್ಟ್ರಿಂಗ್‌ನ ಎಳೆತದಿಂದ ನಾವು ಕುಳಿತುಕೊಳ್ಳುವ ಮೂಳೆಯಲ್ಲಿಯೂ ಗಾಯವಾಗುತ್ತದೆ. ಬೆಳವಣಿಗೆ ಪಾದದಿಂದ ಮೇಲಕ್ಕೆ ಸಾಗುವಂತೆಯೇ ಈ ನೋವುಗಳೂ ವಯಸ್ಸಿನೊಂದಿಗೆ ಹಿಮ್ಮಡಿಯಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಏರುವುದನ್ನು ಗಮನಿಸಿದವರಿಗೆ ಇವುಗಳ ಮೂಲ ಅರ್ಥವಾಗುತ್ತದೆ. ಮುಖ್ಯವಾದ ಮಾತೆಂದರೆ, ನೋಯುವ ಮಂಡಿಯ ಮೇಲೆ ಮಾಡಿದ ಬಲಪರೀಕ್ಷೆ ಸ್ನಾಯುವಿನ ಬಲವನ್ನು ಅಳೆಯುವುದಿಲ್ಲ. ನೋವು ಎಷ್ಟರ ಮಟ್ಟಿಗೆ ಸ್ನಾಯುವನ್ನು ತಡೆಯುತ್ತಿದೆ ಎಂಬುದನ್ನು ಅಳೆಯುತ್ತದೆ. ಒಂದು ಕಾಲಿನಲ್ಲಿ ಆಸ್‌ಗುಡ್–ಶ್ಲಾಟರ್ ನೋವಿರುವ ಹುಡುಗನ ಎರಡು ಕಾಲುಗಳ ನಡುವೆ ದೊಡ್ಡ ಅಂತರ ಕಂಡರೆ ಮೊದಲು ಆ ನೋವಿಗೆ ಕಾರಣವಾದ ಓಟ–ಜಿಗಿತದ ಹೊರೆಯನ್ನು ಇಳಿಸಬೇಕು. ಅಂತರವನ್ನು ಸರಿಪಡಿಸಲೆಂದು ಆ ಕಾಲಿಗೇ ಹೆಚ್ಚುವರಿ ಹೊರೆ ಹಾಕಿದರೆ ನೋವು ಉಲ್ಬಣಿಸುತ್ತದೆ.

ಹುಡುಗಿಯರ ವಿಷಯವನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಹುಡುಗರಿಗಾಗಿ ರೂಪಿಸಿದ ಮಾನದಂಡಗಳನ್ನು ಅವರಿಗೆ ಹಾಗೆಯೇ ಅನ್ವಯಿಸುವ ರೂಢಿ ಇನ್ನೂ ಹೋಗಿಲ್ಲ. ಹರೆಯದಲ್ಲಿ ಹುಡುಗರ ಸ್ನಾಯುಬಲ ಹಾರ್ಮೋನುಗಳ ಕಾರಣದಿಂದ ತೀವ್ರವಾಗಿ ಏರುತ್ತದೆ. ಹುಡುಗಿಯರಲ್ಲಿ ಎತ್ತರ ಮತ್ತು ತೂಕ ಏರಿದರೂ ಬಲದ ಏರಿಕೆ ಅಷ್ಟು ತೀವ್ರವಲ್ಲ. ಅದರಲ್ಲೂ ಮುಂತೊಡೆಯ ಬಲ ಹೆಚ್ಚಿದ ಪ್ರಮಾಣದಲ್ಲಿ ಹಿಂತೊಡೆಯ ಬಲ ಹೆಚ್ಚದಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಜಿಗಿದು ಇಳಿಯುವಾಗ ಮಂಡಿಗಳು ಒಳಕ್ಕೆ ವಾಲುವುದು ಈ ಹಂತದಲ್ಲಿ ಹೆಚ್ಚಾಗಿ ಕಾಣುತ್ತದೆ. ಮಂಡಿಯೊಳಗಿನ ಮುಂಭಾಗದ ಅಸ್ಥಿರಜ್ಜು, ಅಂದರೆ ಎಸಿಎಲ್, ಹರಿಯುವ ಪ್ರಮಾಣ ಫುಟ್‌ಬಾಲ್‌ನಲ್ಲಿ ಹುಡುಗಿಯರಲ್ಲಿ ಹುಡುಗರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚಿದೆ. ಇದಕ್ಕೆ ಸ್ನಾಯುಬಲವೊಂದೇ ಕಾರಣವಲ್ಲ. ಆದರೆ ನಮ್ಮ ಕೈಯಲ್ಲಿ ಬದಲಾಯಿಸಲು ಸಾಧ್ಯವಿರುವ ಕಾರಣಗಳಲ್ಲಿ ಅದು ಮೊದಲ ಸಾಲಿನಲ್ಲಿದೆ. ಬಲ ಹೆಚ್ಚಿಸುವ ವ್ಯಾಯಾಮಗಳನ್ನು ಹುಡುಗರ ತಂಡಕ್ಕೆ ಕಡ್ಡಾಯ ಮಾಡಿ ಹುಡುಗಿಯರ ತಂಡಕ್ಕೆ ಐಚ್ಛಿಕವಾಗಿ ಬಿಡುವ ಕಡೆ ಅತ್ಯಂತ ಅಗತ್ಯವಿರುವವರಿಗೇ ಅವು ತಲುಪುವುದಿಲ್ಲ.

ಹುಟ್ಟಿದ ದಿನಾಂಕ ಒಂದೇ ಆಗಿದ್ದರೂ ಮೈಯ ವಯಸ್ಸು ಒಂದೇ ಆಗಿರುವುದಿಲ್ಲ. ಹದಿನಾಲ್ಕರ ಹುಡುಗರ ಒಂದೇ ತಂಡದಲ್ಲಿ ಮೂಳೆಗಳ ಪಕ್ವತೆಯಲ್ಲಿ ಕೆಲವು ವರ್ಷಗಳ ಅಂತರವಿರುವುದು ಅಸಹಜವಲ್ಲ. ತಂಡದ ಸರಾಸರಿಯೊಂದಿಗೆ ಪ್ರತಿಯೊಬ್ಬನನ್ನೂ ಹೋಲಿಸಿದಾಗ ತಡವಾಗಿ ಬೆಳೆಯುವ ಮಗು ಯಾವಾಗಲೂ ದುರ್ಬಲನಾಗಿಯೇ ಕಾಣುತ್ತಾನೆ. ನಿಂತಾಗಿನ ಎತ್ತರ, ಕುಳಿತಾಗಿನ ಎತ್ತರ, ತೂಕ ಮತ್ತು ವಯಸ್ಸು, ಈ ನಾಲ್ಕು ಅಳತೆಗಳಿಂದ ಬೆಳವಣಿಗೆಯ ಶಿಖರಕ್ಕೆ ಮಗು ಎಷ್ಟು ಹತ್ತಿರದಲ್ಲಿದೆ ಎಂದು ಅಂದಾಜಿಸುವ ಸೂತ್ರ 2002ರಿಂದ ಬಳಕೆಯಲ್ಲಿದೆ. ಅದು ಸ್ಥೂಲ ಅಂದಾಜು ಮಾತ್ರ. ಮೂರು ತಿಂಗಳಿಗೊಮ್ಮೆ, ದಿನದ ಒಂದೇ ಹೊತ್ತಿನಲ್ಲಿ, ಗೋಡೆಗೆ ಒರಗಿಸಿ ಎತ್ತರ ಅಳೆದು ಬರೆದಿಡುವ ತರಬೇತುದಾರರಿಗೆ ಬಲಪರೀಕ್ಷೆಯ ಅಂಕಿಗಳನ್ನು ಓದಲು ಬೇಕಾದ ಹಿನ್ನೆಲೆಯ ಬಹುಪಾಲು ಅದರಿಂದಲೇ ದೊರೆಯುತ್ತದೆ. ಹೀಗಾಗಿ ಮಗುವನ್ನು ಅದರ ಹಿಂದಿನ ಅಳತೆಯೊಂದಿಗೆ ಹೋಲಿಸಿ. ಪಕ್ಕದ ಮಗುವಿನೊಂದಿಗೆ ಬೇಡ.

ಎರಡು ಕಾಲುಗಳ ನಡುವಿನ ವ್ಯತ್ಯಾಸದ ಬಗ್ಗೆ ಸಂಶೋಧನೆಗಳು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಕೆಲವು ಅಧ್ಯಯನಗಳಲ್ಲಿ ಒದೆಯುವ ಕಾಲು ಬಲವಾಗಿ ಕಂಡಿದೆ, ಕೆಲವದರಲ್ಲಿ ಊರುವ ಕಾಲು, ಅನೇಕ ಅಧ್ಯಯನಗಳಲ್ಲಿ ಗಣನೀಯ ಅಂತರವೇ ಕಂಡಿಲ್ಲ. ಶೇ. 10 ಅಥವಾ ಶೇ. 15ಕ್ಕಿಂತ ಹೆಚ್ಚಿನ ಅಂತರವನ್ನು ಅಸಮತೋಲನವೆಂದು ಕರೆಯುವುದು ವಾಡಿಕೆ. ಈ ಗೆರೆಗಳನ್ನು ಎಳೆದದ್ದು ಅನುಕೂಲಕ್ಕಾಗಿ. ಒಂದೇ ಆಟಗಾರನನ್ನು ವಾರದ ಅಂತರದಲ್ಲಿ ಎರಡು ಸಲ ಪರೀಕ್ಷಿಸಿದರೆ ಅಂಕಿಗಳು ಶೇ. 5ರಷ್ಟೋ ಅದಕ್ಕಿಂತ ಹೆಚ್ಚೋ ಏರಿಳಿಯುವುದುಂಟು. ಜಿಗಿತದಲ್ಲಿ ಎಡಗಾಲು ಮುಂದಿದ್ದರೆ ಯಂತ್ರದ ಮೇಲೆ ಬಲಗಾಲು ಮುಂದಿರುವುದೂ ಸಾಮಾನ್ಯ. ಆದ್ದರಿಂದ ಒಂದು ಪರೀಕ್ಷೆಯಲ್ಲಿ ಒಮ್ಮೆ ಕಂಡ ಅಂತರಕ್ಕೆ ನಾನು ಹೆಚ್ಚಿನ ಬೆಲೆ ಕೊಡುವುದಿಲ್ಲ. ಬೇರೆ ಬೇರೆ ಪರೀಕ್ಷೆಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ, ಒಂದೇ ಕಾಲು ಒಂದೇ ದಿಕ್ಕಿನಲ್ಲಿ ಹಿಂದೆ ಬಿದ್ದರೆ ಅದಕ್ಕೆ ಗಮನ ಕೊಡಬೇಕು. ಆಗ ಕೇಳಬೇಕಾದ ಮೊದಲ ಪ್ರಶ್ನೆ ಆ ಕಾಲಿಗೆ ಹಿಂದೆ ಗಾಯವಾಗಿತ್ತೇ ಎಂಬುದು. ಮಕ್ಕಳು ತಂಡದಲ್ಲಿನ ಜಾಗ ತಪ್ಪೀತೆಂಬ ಭಯದಿಂದ ಗಾಯವನ್ನು ಹೇಳದೆ ಮುಚ್ಚಿಡುವುದುಂಟು.

ಈ ಅಸಮತೋಲನ ಗಾಯವನ್ನು ಮುಂಚಿತವಾಗಿ ಸೂಚಿಸುತ್ತದೆಯೇ? 2008ರಲ್ಲಿ ಪ್ರಕಟವಾದ ಒಂದು ಪ್ರಮುಖ ಅಧ್ಯಯನ 462 ವೃತ್ತಿಪರ ಆಟಗಾರರನ್ನು ಋತುವಿಗೆ ಮುನ್ನ ಪರೀಕ್ಷಿಸಿತು; ಅಸಮತೋಲನವಿದ್ದು ಅದನ್ನು ಸರಿಪಡಿಸಿಕೊಳ್ಳದ ಆಟಗಾರರಿಗೆ ಹ್ಯಾಮ್‌ಸ್ಟ್ರಿಂಗ್ ಗಾಯದ ಅಪಾಯ ಅಸಮತೋಲನವಿಲ್ಲದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಪರೀಕ್ಷೆಗಳ ಮೇಲಿನ ಭರವಸೆ ಬೆಳೆದದ್ದು ಹೀಗೆ. 2016ರಲ್ಲಿ ಪ್ರಕಟವಾದ, ಕತಾರಿನ 614 ವೃತ್ತಿಪರ ಆಟಗಾರರನ್ನು ನಾಲ್ಕು ಋತುಗಳಲ್ಲಿ ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ ಬಲದ ಕೊರತೆಗೂ ಗಾಯಕ್ಕೂ ಸಂಬಂಧ ಇರುವುದು ನಿಜವಾದರೂ ಅದು ಬಹಳ ದುರ್ಬಲವೆಂದು ತಿಳಿಯಿತು. ಗಾಯಗೊಂಡವರ ಅಂಕಿಗಳೂ ಗಾಯಗೊಳ್ಳದವರ ಅಂಕಿಗಳೂ ಎಷ್ಟು ಬೆರೆತುಹೋಗಿದ್ದವೆಂದರೆ ಯಾವ ಗೆರೆ ಎಳೆದರೂ ಇಬ್ಬರನ್ನೂ ಬೇರ್ಪಡಿಸಲು ಸಾಧ್ಯವಾಗಲಿಲ್ಲ. ಇವೆರಡೂ ವಯಸ್ಕ ಪುರುಷರ ಅಧ್ಯಯನಗಳು. ದೇಹವೇ ಪ್ರತಿ ತಿಂಗಳೂ ಬದಲಾಗುತ್ತಿರುವ ಮಕ್ಕಳಲ್ಲಿ ಮುನ್ಸೂಚನೆ ಇನ್ನೂ ಕಷ್ಟ. ಪರೀಕ್ಷೆಯ ಆಧಾರದ ಮೇಲೆ ಒಬ್ಬ ಮಗುವನ್ನು ‘ಗಾಯಗೊಳ್ಳುವವನು’ ಎಂದು ಗುರುತಿಸಿ ಉಳಿದವರನ್ನು ಸುರಕ್ಷಿತರೆಂದು ಬಿಡುವುದು ಆದ್ದರಿಂದ ತಪ್ಪು ದಾರಿ. ಹಿಂತೊಡೆಯನ್ನು ಬಲಗೊಳಿಸುವ ವ್ಯಾಯಾಮ ಎಲ್ಲರಿಗೂ ಬೇಕು; ಯಾರಿಗೆ ಎಷ್ಟರಿಂದ ಆರಂಭಿಸಬೇಕು ಎಂಬುದನ್ನು ನಿರ್ಧರಿಸಲು ಪರೀಕ್ಷೆ ಬೇಕು.

ವ್ಯಾಯಾಮದ ಫಲದ ಬಗ್ಗೆ ಇರುವ ಪುರಾವೆ ಪರೀಕ್ಷೆಗಳ ಬಗ್ಗೆ ಇರುವುದಕ್ಕಿಂತ ಎಷ್ಟೋ ಗಟ್ಟಿಯಾದದ್ದು. ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ: ಮಂಡಿಯೂರಿ ನಿಂತು, ಜೊತೆಗಾರ ಹಿಮ್ಮಡಿಗಳ ಬಳಿ ಕಾಲನ್ನು ಹಿಡಿದುಕೊಂಡಿರುವಾಗ, ಮಂಡಿಯಿಂದ ತಲೆಯವರೆಗೆ ಮೈಯನ್ನು ನೇರವಾಗಿಟ್ಟುಕೊಂಡು ಸಾಧ್ಯವಾದಷ್ಟು ನಿಧಾನವಾಗಿ ಮುಂದಕ್ಕೆ ಬಾಗುವುದು, ಇನ್ನು ತಡೆಯಲಾಗದು ಎಂದಾಗ ಕೈಗಳನ್ನು ಊರಿ ಇಳಿಯುವುದು. ಡೆನ್ಮಾರ್ಕಿನ 50 ತಂಡಗಳ 942 ಪುರುಷ ಆಟಗಾರರ ನಡುವೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ವ್ಯಾಯಾಮ ಮಾಡಿದವರ ಗುಂಪಿನಲ್ಲಿ 15 ಹ್ಯಾಮ್‌ಸ್ಟ್ರಿಂಗ್ ಗಾಯಗಳಾದರೆ, ಮಾಡದವರ ಗುಂಪಿನಲ್ಲಿ 52 ಆದವು. ಮೊದಲ ವಾರ ಐದೈದರ ಎರಡೇ ಸರದಿಗಳಿಂದ ಆರಂಭಿಸಿ, ಹತ್ತು ವಾರಗಳಲ್ಲಿ ಪ್ರಮಾಣವನ್ನು ಏರಿಸಿ, ಆಮೇಲೆ ಋತುವಿನುದ್ದಕ್ಕೂ ವಾರಕ್ಕೊಮ್ಮೆ ಮುಂದುವರಿಸುವುದು ಅವರ ಕ್ರಮವಾಗಿತ್ತು. ಎಳೆಯರಿಗೆ ಆ ಏರಿಕೆಯನ್ನು ಇನ್ನಷ್ಟು ನಿಧಾನಗೊಳಿಸಬೇಕು ಎಂಬುದು ನನ್ನ ಸಲಹೆ. ಮೊದಲ ವಾರಗಳ ಸ್ನಾಯುನೋವಿಗೆ ಹೆದರಿ ಮಕ್ಕಳು ಇದನ್ನು ಬಿಟ್ಟುಬಿಟ್ಟರೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಪಂದ್ಯದ ಹಿಂದಿನ ದಿನ ಇದನ್ನು ಮಾಡಿಸಬೇಡಿ.

ಫಿಫಾ 11 ಪ್ಲಸ್ ಎಂಬ ವಾರ್ಮ್‌ಅಪ್ ಕ್ರಮ ಸುಮಾರು 20 ನಿಮಿಷದ್ದು. ಓಟ, ಬಲ, ಸಮತೋಲನ, ಜಿಗಿತಗಳ 15 ವ್ಯಾಯಾಮಗಳು ಅದರಲ್ಲಿವೆ. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಹುಡುಗಿಯರ ನಡುವೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು, ತೀವ್ರ ಗಾಯಗಳು ಸುಮಾರು ಅರ್ಧದಷ್ಟು ಇಳಿದವು. 7ರಿಂದ 13 ವರ್ಷದವರಿಗಾಗಿ ರೂಪಿಸಿದ ಮಕ್ಕಳ ಆವೃತ್ತಿಯನ್ನು ನಾಲ್ಕು ಯುರೋಪಿಯನ್ ದೇಶಗಳಲ್ಲಿ ಪರೀಕ್ಷಿಸಿದಾಗ ಗಾಯಗಳು ಶೇ. 48ರಷ್ಟು ಕಡಿಮೆಯಾದವು. ಒಳತೊಡೆಗೆ ಕೋಪನ್‌ಹೇಗನ್ ವ್ಯಾಯಾಮವಿದೆ. ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಜೊತೆಗಾರ ಹಿಡಿದಿರುವಾಗ ಮೈಯನ್ನು ಎತ್ತುವ ಈ ವ್ಯಾಯಾಮವನ್ನು ಮಕ್ಕಳಿಗೆ ಮಂಡಿಯ ಬಳಿ ಹಿಡಿದು ಆರಂಭಿಸಬೇಕು.

ತೂಕ ಎತ್ತಿದರೆ ಮಕ್ಕಳ ಎತ್ತರ ಕುಂಠಿತವಾಗುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿರುವುದರಿಂದ ಅದಕ್ಕೊಂದು ಉತ್ತರ ಅಗತ್ಯ. ಬಲ್ಲವರ ಮೇಲ್ವಿಚಾರಣೆಯಲ್ಲಿ, ಸರಿಯಾದ ಭಂಗಿಯಲ್ಲಿ, ಕ್ರಮೇಣ ಏರಿಸುತ್ತ ಮಾಡಿದ ಬಲತರಬೇತಿಯಿಂದ ಬೆಳವಣಿಗೆ ನಿಲ್ಲುತ್ತದೆ ಎನ್ನಲು ಪುರಾವೆಯಿಲ್ಲ. 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಹಮತದ ಹೇಳಿಕೆ ಇಂತಹ ತರಬೇತಿಯನ್ನು ಸ್ಪಷ್ಟವಾಗಿ ಬೆಂಬಲಿಸಿದೆ. ಹರೆಯಕ್ಕೆ ಮುನ್ನ ಬಲ ಹೆಚ್ಚುವುದು ಮುಖ್ಯವಾಗಿ ನರಗಳು ಸ್ನಾಯುವನ್ನು ಬಳಸುವ ಬಗೆ ಸುಧಾರಿಸುವುದರಿಂದ, ಹಾಗಾಗಿ ಸ್ನಾಯು ದಪ್ಪವಾಗದಿದ್ದರೂ ಬಲ ಬರುತ್ತದೆ. ವಾರಕ್ಕೆ ಎರಡು ಸಲ, ಎರಡು ಕಾಲಿನ ಮತ್ತು ಒಂಟಿಕಾಲಿನ ಬೈಠಕ್, ಮೆಟ್ಟಿಲು ಏರಿಳಿತ, ಸೊಂಟ ಎತ್ತುವುದು, ಹಿಮ್ಮಡಿ ಎತ್ತುವುದು, ಇಷ್ಟನ್ನು ಮೈಯ ಭಾರದಲ್ಲೇ ಆರಂಭಿಸಿ ಭಂಗಿ ಕೆಡದಿರುವವರೆಗೆ ಏರಿಸುತ್ತ ಹೋಗಬಹುದು. ಒಂಟಿಕಾಲಿನ ವ್ಯಾಯಾಮಗಳನ್ನು ಹಿಂದುಳಿದ ಕಾಲಿನಿಂದ ಆರಂಭಿಸಿ, ಆ ಕಾಲಿಗೆ ಸಾಧ್ಯವಾದಷ್ಟನ್ನೇ ಇನ್ನೊಂದು ಕಾಲಿಗೂ ಮಾಡಿಸಿದರೆ ಬಲವಾದ ಕಾಲನ್ನು ಕಡೆಗಣಿಸದೆಯೇ ಅಂತರ ಕ್ರಮೇಣ ಕಿರಿದಾಗುತ್ತದೆ. ಎತ್ತರ ಭರದಿಂದ ಏರುತ್ತಿರುವ ತಿಂಗಳುಗಳಲ್ಲಿ ಜಿಗಿತಗಳ ಸಂಖ್ಯೆಯನ್ನು ಇಳಿಸಿ ಬಲದ ಅಭ್ಯಾಸವನ್ನು ಉಳಿಸಿಕೊಳ್ಳಿ. ಪೂರ್ಣ ವೇಗದ ಓಟವನ್ನು ಪಂದ್ಯಕ್ಕೆಂದೇ ಮೀಸಲಿಡದೆ ವಾರದ ಅಭ್ಯಾಸದಲ್ಲೂ ಸ್ವಲ್ಪ ಓಡಿಸಿ. ಅತಿ ವೇಗದಲ್ಲಿ ಹಿಂತೊಡೆ ಎದುರಿಸುವ ಬೇಡಿಕೆಗೆ ಅದನ್ನು ಒಗ್ಗಿಸುವ ವ್ಯಾಯಾಮ ಓಟವೇ.

ಉಪನ್ಯಾಸದ ಬಳಿಕ ಬಂದ ಎರಡು ಪ್ರಶ್ನೆಗಳಿಗೆ ನೀಡಿದ ಉತ್ತರಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ. ಇನ್ನೊಂದು ಕಾಲಿನಿಂದಲೂ ಒದೆಯುವುದನ್ನು ಕಲಿಸಿದರೆ ಬಲ ಸಮವಾಗುತ್ತದೆಯೇ ಎಂದು ಒಬ್ಬ ತಾಯಿ ಕೇಳಿದರು. ಎರಡೂ ಕಾಲುಗಳಿಂದ ಆಡಬಲ್ಲ ಆಟಗಾರನಿಗೆ ಮೈದಾನದಲ್ಲಿ ಆಯ್ಕೆಗಳು ಹೆಚ್ಚು, ಆದ್ದರಿಂದ ಖಂಡಿತ ಕಲಿಸಬೇಕು, ಚಿಕ್ಕ ವಯಸ್ಸಿನಲ್ಲೇ ಕಲಿಸಬೇಕು. ಅದರಿಂದ ಸಿಗುವುದು ಮುಖ್ಯವಾಗಿ ಕೌಶಲ. ಬಲಕ್ಕಾಗಿ ಬಲದ ವ್ಯಾಯಾಮವನ್ನೇ ಮಾಡಬೇಕಾಗುತ್ತದೆ.

ಹ್ಯಾಮ್‌ಸ್ಟ್ರಿಂಗ್ ಗಾಯವಾದ ಹುಡುಗ ಯಾವಾಗ ಮರಳಿ ಆಡಬಹುದು ಎಂಬುದು ತರಬೇತುದಾರರೊಬ್ಬರ ಪ್ರಶ್ನೆ. ಕಳೆದ ದಿನಗಳನ್ನು ಎಣಿಸಿ ಇದನ್ನು ಹೇಳಲಾಗದು. ಗಾಯದ ಜಾಗವನ್ನು ಒತ್ತಿದರೂ, ಚಾಚಿದರೂ, ಬಲ ಹಾಕಿದರೂ ನೋವಿರಬಾರದು. ತಂಡದ ಪೂರ್ಣ ಅಭ್ಯಾಸದಲ್ಲಿ, ಪೂರ್ಣ ವೇಗದ ಓಟಗಳನ್ನೂ ಸೇರಿಸಿ, ಕೆಲವು ದಿನಗಳನ್ನು ಅಳುಕಿಲ್ಲದೆ ಮುಗಿಸಿರಬೇಕು. ಬಲ ಮೊದಲಿನ ಮಟ್ಟಕ್ಕೆ ಬಂದಿರಬೇಕು. ಈ ಕೊನೆಯದರಲ್ಲಿ ಒಂದು ತೊಡಕಿದೆ. ಗಾಯವಾದ ಕಾಲನ್ನು ಇನ್ನೊಂದು ಕಾಲಿನೊಂದಿಗೆ ಹೋಲಿಸುವುದು ರೂಢಿ, ಆದರೆ ವಾರಗಟ್ಟಲೆ ಆಡದೆ ಕುಳಿತ ಹುಡುಗನ ಇನ್ನೊಂದು ಕಾಲೂ ಅಷ್ಟರಲ್ಲಿ ಬಲ ಕಳೆದುಕೊಂಡಿರುತ್ತದೆ. ದುರ್ಬಲಗೊಂಡ ಕಾಲಿಗೆ ಸಮನಾದ ಕಾಲನ್ನು ಸಿದ್ಧವಾದ ಕಾಲೆಂದು ಕರೆಯಲಾಗದು. ಗಾಯಕ್ಕೆ ಮುನ್ನ, ಆರೋಗ್ಯವಾಗಿದ್ದಾಗ ಎರಡೂ ಕಾಲುಗಳನ್ನು ಅಳೆದು ಬರೆದಿಟ್ಟ ಅಂಕಿ ಇದ್ದರೆ ಹೋಲಿಕೆಗೆ ನಂಬಿಕಸ್ತ ಆಧಾರ ಸಿಗುತ್ತದೆ. ಆ ಬಳಿಕ ಹುಡುಗ ಬೆಳೆದಿದ್ದರೆ ಅಂದಿನ ಮೈತೂಕದಿಂದ ಭಾಗಿಸಿದ ಅಂಕಿಯನ್ನು ಇಂದಿನ ಮೈತೂಕದಿಂದ ಭಾಗಿಸಿದ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಮರುಗಾಯದ ಅಪಾಯ ಆಟಕ್ಕೆ ಮರಳಿದ ಮೊದಲ ವಾರಗಳಲ್ಲೇ ಹೆಚ್ಚು, ಆದ್ದರಿಂದ ಪಂದ್ಯದಲ್ಲಿ ಆಡುವ ನಿಮಿಷಗಳನ್ನು ಹಂತಹಂತವಾಗಿ ಏರಿಸಬೇಕು, ನಾರ್ಡಿಕ್ ವ್ಯಾಯಾಮವನ್ನು ಮರಳಿದ ದಿನದಿಂದಲೇ ವಾರದ ಕ್ರಮದಲ್ಲಿ ಸೇರಿಸಬೇಕು.